ಸ್ವರ್ಗದಲ್ಲೇ ಉಳಿದ ಅರ್ಜುನ

ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದ ದಾಸಮ್ಮ, ಪಕ್ಕದ ಇಬ್ಬರ ಮಾತು ಕೇಳುತ್ತ ಎಲೆ ಅಗಿಯುವುದನ್ನೇ ಮರೆತಿದ್ದಳು. ವೇಷದ ಪೆಟ್ಟಿಗೆಯ ಮೇಲೆ ಕೂತವರು ಬಯಲಾಟದ ಭಾಗವತ ಚಿಕ್ಕರಂಗಯ್ಯ. ಎದುರು ನಿಂತವನು ನಿನ್ನೆಯ ಆಟದ ಅರ್ಜುನ, ಯತ್ತಪ್ಪ. ಅವನ ಕಿವಿಯ ಹಿಂದೆ ಬಣ್ಣ ಇನ್ನೂ ಹೋಗಿರಲಿಲ್ಲ.

"ಲೇ, ಭೂಲೋಕದಿಂದ ಸ್ವರ್ಗಕ್ಕೆ ಹೆಂಗ್ಲಾ ಹೋಗೋದು?"

"ರಂಗದ ಮ್ಯಾಲೆ ಒಂದು ಸುತ್ತು ಕುಣುದ್ರೆ ಆಯ್ತು, ಭಾಗವತ್ರೆ. ಹೋದ್ನಲ್ಲ."

"ಚೆಂದಾಗೇ ಹೋದೆ. ವಾಪಸ್ ಬರಾಕೆ?"

"ಇನ್ನೊಂದು ಸುತ್ತು."

"ಹಾಕುದ್ಯಾ?"

"ಕಾಲು ನೋಯ್ತಿತ್ತು. ಕುಂತಿ ಎದುರ್ಗೇ ನಿಂತಿದ್ಲು, ಮಾತಾಡುಸ್ಬುಟ್ಟೆ."

"ಸ್ವರ್ಗದಾಗೇ ನಿಂತ್ಕಂಡು ಮಾತಾಡುಸ್ದೆ. ಕುಂತಿ ಸತ್ತು ಅಲ್ಲಿಗೆ ಬಂದವ್ಳೆ ಅಂತ ಹೆಂಗಸ್ರೆಲ್ಲ ಅಳಾಕೆ ಶುರು ಮಾಡುದ್ರು. ಹೆತ್ತವ್ವನ್ನ ಕೊಂದ ಪುಣ್ಯಾತ್ಮ ಕಣ್ಲಾ ನೀನು."

"ಇವತ್ತು ಗೊರವನಹಳ್ಳಿ ಆಟದಾಗೆ ಸರಿ ಮಾಡ್ತೀನಿ."

"ಇವತ್ತು ನೀನು ಸ್ವರ್ಗದ ಬಾಗ್ಲು ಕಾಯೋನು. ನಿಂತ ಜಾಗ ಬುಟ್ಟು ಅಲ್ಲಾಡಂಗಿಲ್ಲ."

ಅಷ್ಟರಲ್ಲಿ ಅವರು ಕಾಯುತ್ತಿದ್ದ ಕೊರಟಗೆರೆ ಬಸ್ಸು ಬಾಗಿಲ ತನಕ ಜನ ತುಂಬಿಕೊಂಡು ಬಂತು. ಯತ್ತಪ್ಪ ಕಾಲಿಡಲು ಜಾಗ ಹುಡುಕುತ್ತ ಬಸ್ಸಿಗೆ ಒಂದು ಸುತ್ತು ಬಂದು, ಮೊದಲು ನಿಂತಿದ್ದಲ್ಲೇ ಬಂದು ನಿಂತ. ಬಸ್ಸು ಹೊರಟುಹೋಯಿತು.

ಚಿಕ್ಕರಂಗಯ್ಯ ಪೆಟ್ಟಿಗೆಯನ್ನೆತ್ತಿ ಅವನ ತಲೆಗೆ ಹೊರಿಸಿ, ಕೊರಟಗೆರೆ ರಸ್ತೆಯತ್ತ ನಡೆಯತೊಡಗಿದರು.

"ಸುತ್ತು ಹಾಕುದ್ಯಲ್ಲ, ಕೊರಟಗೆರೆ ಬಂತು. ಇಳ್ಕೊ."