ಪರಮಶಿವಪ್ಪ ಆರಿಸಿದ ಸೋರೆಬುರುಡೆ

ಬಾಗಿಲು ಸರಿಯಾಗಿ ಹಾಕಿ ಬನ್ನಿ. ಚಿಲಕ ಬಿದ್ದ ಸದ್ದು ಕೇಳಬೇಕು ನನಗೆ… ಹಾಂ. ಈಗ ಹೇಳುತ್ತೇನೆ. ನಂಬದವರು ಎದ್ದು ಹೋಗಿ ಮಲಗಬಹುದು, ನನಗೇನೂ ಬೇಜಾರಿಲ್ಲ. ಇದು ನಮ್ಮ ಸಣ್ಣತ್ತೆಯ ಮಾವ ಮಾಸ್ತಪ್ಪನಿಗೆ ಆದದ್ದು. ನಯಾಪೈಸೆ ಬಂದ ಮಾರನೇ ವರ್ಷ.

ಮಾಸ್ತಪ್ಪ ಏಕತಾರಿ ಮಾಡುವವನು. ಒಣಗಿದ ಸೋರೆಬುರುಡೆ, ಒಂದು ಕೋಲು, ಒಂದೇ ಒಂದು ತಂತಿ. ನೋಡಿದರೆ ಇಷ್ಟೇ. ಆದರೆ ಸೊರಬದಿಂದ ಶಿಕಾರಿಪುರದವರೆಗೆ ಭಜನೆ ಹಾಡುವವರೆಲ್ಲ ಅವನ ಮನೆ ಹುಡುಕಿಕೊಂಡು ಬರುತ್ತಿದ್ದರು. ಅವನ ಕಿವಿ ಅಂಥದ್ದು. ಬುರುಡೆಯ ಬೆನ್ನಿಗೆ ಉಗುರಿನಿಂದ ಒಮ್ಮೆ ತಟ್ಟಿದರೆ ಸಾಕು, ಇದು ಹಾಡುತ್ತೋ ಗೊಣಗುತ್ತೋ ಅಂತ ಹೇಳಿಬಿಡುತ್ತಿದ್ದ.

ಅವತ್ತು ಶಿಕಾರಿಪುರದ ಸಂತೆಗೆ ಹೋಗಿದ್ದ. ಹಿತ್ತಾಳೆ ತಂತಿ ಕೊಂಡ, ಐದು ಬುರುಡೆ ಕೊಂಡ. ಬಸ್ಸು ಆನವಟ್ಟಿಯಲ್ಲಿ ಇಳಿಸುವಷ್ಟರಲ್ಲಿ ಕತ್ತಲೆ. ಬುರುಡೆಗಳನ್ನು ಕೋಲಿನ ತುದಿಗೆ ಕಟ್ಟಿ, ಕೋಲನ್ನು ಹೆಗಲ ಮೇಲಿಟ್ಟುಕೊಂಡು ಊರ ಕಡೆ ನಡೆದ. ಬುರುಡೆಗಳೆಲ್ಲ ಬೆನ್ನ ಹಿಂದೆ.

ದಾರಿಯಲ್ಲಿ ಒಂದು ಆಲದ ಮರ, ಅದರ ಬುಡಕ್ಕೆ ಹಾಳುಬಾವಿ. ಅಲ್ಲಿಗೆ ಬಂದಾಗ… ಟಕ್.

ಬಿಳಲು ತಾಗಿತು ಅಂದುಕೊಂಡ. ಎರಡು ಹೆಜ್ಜೆ ಇಟ್ಟ… ಟಕ್. ನಿಂತ. ಗಾಳಿ ಇಲ್ಲ. ಎಲೆ ಅಲುಗುತ್ತಿಲ್ಲ. ಹಿಂದೆ ಮತ್ತೆ… ಟಕ್. ಸ್ವಲ್ಪ ತಡೆದು… ಟಕ್. ಯಾರೋ ಬುರುಡೆಗಳನ್ನು ಒಂದೊಂದಾಗಿ ತಟ್ಟಿ, ಕಿವಿಗೊಟ್ಟು, ಇದಲ್ಲ ಅಂತ ಮುಂದಿನದಕ್ಕೆ ಹೋಗುತ್ತಿದ್ದರು. ಐದನೆಯದು ತಟ್ಟಿದ ಮೇಲೆ ಒಂದು ನಿಟ್ಟುಸಿರು. ಅದು ಕಿವಿಯ ಹಿಂದೆಯೇ ಬಂತು. ಮಾಸ್ತಪ್ಪ ತಿರುಗಿ ನೋಡಲಿಲ್ಲ. ಹೆಂಗೆ ಮನೆ ಸೇರಿದನೋ ಅವನಿಗೇ ಗೊತ್ತಿಲ್ಲ.

ಹೆಂಡತಿ ಬಸಕ್ಕ ಬಾಗಿಲಲ್ಲೇ ನಿಂತಿದ್ದಳು.

“ರೀ… ಸುದ್ದಿ ಗೊತ್ತಾತಾ?” ದನಿ ಪಿಸುಗುಟ್ಟಿತು. “ಕುಬಟೂರಿನ ಪರಮಶಿವಪ್ಪನೋರು ತೀರ್ಕಂಡ್ರಂತೆ. ಹೊತ್ತು ಮುಳುಗೋವಾಗ.”

ಮಾಸ್ತಪ್ಪ ಅಲ್ಲೇ ಕುಸಿದು ಕೂತ. ಯಾಕೆ ಅಂದರೆ, ಅಲ್ಲೊಂದು ಸಂಗತಿ ಇತ್ತು.

ಆ ಕಾಲದಲ್ಲಿ ಅವನ ಮನೆಯ ಪದ್ಧತಿ ಹೀಗೆ. ಹಾಡುವವರೇ ಬಂದು ಬುರುಡೆ ತಟ್ಟಿ ನೋಡಿ ಆರಿಸಬೇಕು. ಆರಿಸಿದ್ದಕ್ಕೆ ಸುಣ್ಣದ ಬೊಟ್ಟಿಡಬೇಕು. ಆಮೇಲೆ ಅದು ಒಲೆಯ ಮೇಲಿನ ಅಟ್ಟದಲ್ಲಿ ಎರಡು ಮಳೆಗಾಲ ಹೊಗೆ ಕುಡಿಯಬೇಕು. ಬೊಟ್ಟು ಬಿದ್ದ ಬುರುಡೆ ನಿಶ್ಚಯವಾದ ಹೆಣ್ಣಿನ ಹಾಗೆ, ಇನ್ನೊಬ್ಬರು ಮುಟ್ಟುವಂತಿಲ್ಲ. ಪರಮಶಿವಪ್ಪ ಹಾಗೆ ಒಂದನ್ನು ಆರಿಸಿದ್ದ. ನಲವತ್ತು ವರ್ಷ ಊರೂರಿನ ಸಾವಿನ ಮನೆಗಳಲ್ಲಿ ರಾತ್ರಿಯಿಡೀ ಭಜನೆ ಹಾಡಿದ ಮನುಷ್ಯ. ಕೊನೆಗಾಲಕ್ಕೆ ಒಂದು ಒಳ್ಳೆಯ ಏಕತಾರಿ ಬೇಕು ಅಂತ ಎರಡು ವರ್ಷ ಕಾದ.

ಎರಡು ಮಳೆಗಾಲ ಮುಗಿದು ಮಾಸ್ತಪ್ಪ ಆ ಬುರುಡೆ ಇಳಿಸಿ ತಟ್ಟಿದ. ಅಯ್ಯೋ… ಅಂಥ ನಾದ ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಜೀವಮಾನವಿಡೀ ಬೇರೆಯವರಿಗೆ ಮಾಡಿಕೊಟ್ಟವನು, ತನಗೆ ಅಂತ ಒಂದೂ ಇಟ್ಟುಕೊಂಡಿರಲಿಲ್ಲ. ಆಸೆ ಕೆಟ್ಟದ್ದು. ಅದರಲ್ಲಿ ಏಕತಾರಿ ಮಾಡಿ, ಕಂಬಳಿ ಸುತ್ತಿ, ಭತ್ತದ ಕಣಜದಲ್ಲಿ ಹೂತಿಟ್ಟ. ಬೇರೊಂದು ಬುರುಡೆಗೆ ಸುಣ್ಣದ ಬೊಟ್ಟಿಟ್ಟು ಪರಮಶಿವಪ್ಪನಿಗೆ ಮಾಡಿಕೊಟ್ಟ.

ಪರಮಶಿವಪ್ಪ ಒಂದೇ ಒಂದು ಸಲ ಮೀಟಿದ. ಟೊಂಯ್… ಕೆಳಗಿಟ್ಟ.

“ಇದು ನಂದಲ್ಲ ಕಣೋ ಮಾಸ್ತಪ್ಪ.”

“ನಿಮ್ದೇ, ಪರಮಶಿವಣ್ಣ. ಬೊಟ್ಟು ನೋಡ್ರಿ.”

“ಬೊಟ್ಟು ಯಾರ್ ಬೇಕಾದ್ರೂ ಇಡ್ತಾರೆ. ನಾ ಆರ್ಸಿದ್ದು ಹಿಂಗೆ ಮಾತಾಡ್ತಿರ್ಲಿಲ್ಲ.”

ಜನ ಸೇರಿದರು. ಮಾತಿಗೆ ಮಾತು ಬೆಳೆಯಿತು. ಮಾಸ್ತಪ್ಪನಿಗೆ ಬೆವರು. ಆದರೂ ಹಟ ಬಿಡಲಿಲ್ಲ. “ವಯಸ್ಸಾತು ನಿಮ್ಗೆ, ನನ್ ಕೆಲ್ಸಕ್ಕೆ ಹೆಸ್ರಿಡಬ್ಯಾಡ್ರಿ” ಅಂದ. ಅಷ್ಟಕ್ಕೇ ನಿಲ್ಲಲಿಲ್ಲ ಪಾಪಿ, ಗುಡಿಯೊಳಗೆ ಹೋಗಿ ಉರಿಯುವ ದೀಪ ಮುಟ್ಟಿ ಪ್ರಮಾಣ ಮಾಡಿದ. ದೀಪ ಮುಟ್ಟಿದ ಮೇಲೆ ಯಾರು ಏನು ಹೇಳೋಕಾಗುತ್ತೆ? ಪರಮಶಿವಪ್ಪ ಎದ್ದು ಹೆಗಲ ವಲ್ಲಿ ಕೊಡವಿದ.

“ಆತು ಬಿಡು. ನಂದು ಯಾವ್ದು ಅಂತ ನಂಗೊತ್ತು. ನಾನೇ ಹುಡುಕ್ಕಂತೀನಿ.”

ಬರಿಗೈಯಲ್ಲಿ ಹೋದ. ಆಮೇಲೆ ಒಂದು ಪದವನ್ನೂ ಹಾಡಲಿಲ್ಲವಂತೆ. ಹತ್ತೊಂಬತ್ತನೇ ದಿನ ಸತ್ತ.

ಅವನು ಸತ್ತ ರಾತ್ರಿಯಿಂದ ಅಟ್ಟದಲ್ಲಿ ಶುರುವಾಯಿತು. ಸಾಲಾಗಿ ಇಳಿಬಿಟ್ಟ ಬುರುಡೆಗಳು… ಟಕ್. ಟಕ್. ಟಕ್. ಒಂದು ತುದಿಯಿಂದ ಇನ್ನೊಂದು ತುದಿಗೆ. ಆತುರವಿಲ್ಲ. ಕೊನೆಯಲ್ಲಿ ನಿಟ್ಟುಸಿರು. ಮಾಸ್ತಪ್ಪ ಕಂಬಳಿ ಕಚ್ಚಿಕೊಂಡು ಮಲಗಿರುತ್ತಿದ್ದ.

ಬೆಳಿಗ್ಗೆ ಎದ್ದು ಮೊದಲ ಬುರುಡೆ ತಟ್ಟಿದ. ನಾದವೇ ಇಲ್ಲ. ಮಣ್ಣಿನ ಹೆಂಟೆ ತಟ್ಟಿದ ಹಾಗೆ. ಮಾರನೇ ದಿನ ಎರಡನೆಯದೂ ಸತ್ತಿತು. ಅದರಾಚೆ ದಿನ ಮೂರನೆಯದು. ಪಕ್ಕದೂರಿನಿಂದ ಒಬ್ಬನನ್ನು ಕರೆಸಿ ಅಟ್ಟಕ್ಕೆ ತಾಯಿತ ಕಟ್ಟಿಸಿದ. ಏನೂ ಆಗಲಿಲ್ಲ. ಒಂಬತ್ತನೇ ದಿನ ಒಂಬತ್ತನೇ ಬುರುಡೆಯನ್ನು ನೆಲಕ್ಕೆ ಕುಕ್ಕಿ ಹುಚ್ಚನಂತೆ ಕೂಗಿದ.

“ಎಲ್ಲಾ ಸಾಯಿಸ್ತಾ ಅದಾನೆ ಬಸಕ್ಕಾ! ಒಂದೂ ಉಳ್ಸಲ್ಲ!”

ಬಸಕ್ಕ ಹೆದರುತ್ತಲೇ ಬುರುಡೆ ಎತ್ತಿಕೊಂಡಳು. ತಟ್ಟಿದಳು. ಮೊದಲನೆಯದನ್ನೂ ತಟ್ಟಿದಳು. ಗಂಡನ ಮುಖವನ್ನೇ ನೋಡಿದಳು.

“ಚೆನ್ನಾಗೇ ನುಡಿತಾವಲ್ರೀ… ಎಲ್ಲಾನೂ.”

ಅವಳ ತುಟಿ ಅಲುಗಿದ್ದು ಕಂಡಿತು. ಮಾತು ಅರ್ಧವೇ ಕೇಳಿತು. ಆಗ ಅವನಿಗೆ ಹೊಳೆಯಿತು. ಎಷ್ಟು ದಿನವಾಯಿತು ಕೋಳಿ ಕೂಗಿದ್ದು ಕೇಳಿ? ಸತ್ತದ್ದು ಬುರುಡೆ ಅಲ್ಲ. ರಾತ್ರಿಗೆ ಇಷ್ಟಿಷ್ಟೇ ಹೋಗುತ್ತಿರುವುದು ತನ್ನ ಕಿವಿ.

ಕಿವಿ ಹೋದರೆ ಮಾಸ್ತಪ್ಪನಿಗೆ ಇನ್ನೇನಿದೆ? ಹೊಲವೇ, ಗದ್ದೆಯೇ? ಹೆಂಡತಿಯ ಕಾಲು ಹಿಡಿದು ಎಲ್ಲ ಹೇಳಿ ಅತ್ತ. ಬಸಕ್ಕ ಕಾಲು ಹಿಂದಕ್ಕೆ ಎಳೆದುಕೊಂಡಳು.

“ದೀಪ ಮುಟ್ಟಿದ್ರಲ್ರೀ…”

“ಹೂಂ.”

“ಎದ್ದೇಳ್ರಿ. ಈಗ್ಲೇ ಹೋಗಿ ಕೊಟ್ಬರ್ರಿ.”

ಆದರೂ ಆ ಮನುಷ್ಯ ಇನ್ನೂ ಮೂರು ದಿನ ಕಳೆದ. ಕೊಟ್ಟರೆ ಊರಿಗೇ ತಿಳಿಯುತ್ತದೆ, ತಿಳಿದರೆ ತನ್ನ ಬಾಗಿಲಿಗೆ ಯಾರು ಬರುತ್ತಾರೆ ಅಂತ ಲೆಕ್ಕ. ನಾಲ್ಕನೇ ರಾತ್ರಿ ಅಟ್ಟದ ಸದ್ದೂ ಕೇಳಿಸಲಿಲ್ಲ. ಪರಮಶಿವಪ್ಪ ಬಿಟ್ಟು ಹೋದ ಅಂದುಕೊಂಡು ಪಕ್ಕಕ್ಕೆ ತಿರುಗಿದ. ಬಸಕ್ಕ ಕಣ್ಣು ಬಿಟ್ಟುಕೊಂಡು ಅಟ್ಟವನ್ನೇ ನೋಡುತ್ತ ಗಡಗಡ ನಡುಗುತ್ತಿದ್ದಳು. ಸದ್ದು ಅವಳಿಗೆ ಕೇಳಿಸುತ್ತಿತ್ತು.

ಮಾರನೇ ದಿನ ಕಣಜದಿಂದ ಏಕತಾರಿ ತೆಗೆದ. ಹೊಸ ಹಿತ್ತಾಳೆ ತಂತಿ ಬಿಗಿದ. ತಂತಿ ಕೂರುವ ಕುದುರೆಯನ್ನೂ ಹೊಸದಾಗಿಯೇ ಕೂರಿಸಿದ, ಜಿಂಕೆ ಕೊಂಬಿನದು. ಕತ್ತಲಾದ ಮೇಲೆ ಕುಬಟೂರಿಗೆ ನಡೆದ. ಪರಮಶಿವಪ್ಪನ ಸಮಾಧಿ ಊರಂಚಿಗೆ, ಅವರದೇ ಹೊಲದ ಬದುವಿನಲ್ಲಿ. ಮಣ್ಣು ಇನ್ನೂ ಹಸಿ. ಏಕತಾರಿಯನ್ನು ಅದರ ಮೇಲೆ ಒರಗಿಸಿ, ಪಕ್ಕದಲ್ಲಿ ಅಡ್ಡಬಿದ್ದ.

“ಪರಮಶಿವಣ್ಣ… ಇದು ನಿಂದೇ. ನಾನೇ ಕದ್ದೆ. ದೀಪ ಮುಟ್ಟಿ ಸುಳ್ಳು ಹೇಳ್ದೆ. ತಗಾ. ಒಂದ್ಸಲ ಮೀಟು ನನ್ನಪ್ಪಾ. ಒಂದೇ ಸಲ… ನನ್ ಕಿವಿಗೆ ಬೀಳ್ಲಿ.”

ಕಾದ. ಏನೂ ಇಲ್ಲ. ಚುಕ್ಕಿಗಳು ಸರಿದವು. ಹಣೆ ಮಣ್ಣಿಗೆ ಚಚ್ಚಿಕೊಂಡ. ಬೇಡಿದ, ಬೈದ, ಮತ್ತೆ ಬೇಡಿದ. ಕ್ಷಮಿಸಲಿಲ್ಲ ಅವನು, ಒಪ್ಪಲಿಲ್ಲ ಅಂತ ಬೆಳಕು ಹರಿಯುವವರೆಗೂ ಅಲ್ಲೇ ಬೋರಲು ಬಿದ್ದು ಅತ್ತ.

ಯಾರೋ ಹೆಗಲು ಮುಟ್ಟಿದರು. ನೋಡಿದರೆ ಪರಮಶಿವಪ್ಪನ ಹೆಂಡತಿ ನೀಲಾಂಬಿಕ. ಅವಳ ಹಿಂದೆ ದೂರದಲ್ಲಿ, ಲಾಟೀನು ಹಿಡಿದುಕೊಂಡು ಅರ್ಧ ಊರು. ಯಾರೂ ಹತ್ತಿರ ಬರುತ್ತಿಲ್ಲ. ನೀಲಾಂಬಿಕ ಏನೋ ಹೇಳುತ್ತಿದ್ದಳು, ಕಣ್ಣಲ್ಲಿ ನೀರು.

“ಕೇಳ್ತಿಲ್ಲ ಅಕ್ಕಾ… ಜೋರಾಗ್ ಹೇಳು.”

ಅವಳು ಬಗ್ಗಿ, ಅವನ ಕಿವಿಗೆ ಬಾಯಿಟ್ಟು ಕೂಗಿದಳು.

“ರಾತ್ರಿಯೆಲ್ಲಾ ನುಡಿಸಿದ್ರಲ್ಲೋ ನಮ್ಮನೆಯೋರು! ಮಕ್ಳು ಮರಿ ಎಲ್ಲಾ ಎದ್ದು ಕೂತಿದ್ವಿ! ನೀ ಪಕ್ಕದಾಗೇ ಇದ್ಯಲ್ಲೋ… ನಿಂಗೆ ಕೇಳ್ಲಿಲ್ವಾ?”

ಮಾಸ್ತಪ್ಪ ಅದಾದ ಮೇಲೆ ಇಪ್ಪತ್ತೆರಡು ವರ್ಷ ಬದುಕಿದ. ಸಿಡಿಲು ಬಡಿದರೂ ಅವನಿಗೆ ಕೇಳುತ್ತಿರಲಿಲ್ಲ.

ಕನಸು ಬಿದ್ದಿರಬೇಕು, ಗಾಳಿ ಇರಬೇಕು ಅಂತ ಈಗ ಹೇಳುವವರು ಬಹಳ ಜನ. ಹೇಳಲಿ. ಆ ಏಕತಾರಿ ಇವತ್ತಿಗೂ ಕುಬಟೂರಿನಲ್ಲಿ ಅವರ ಮನೆಯ ಗೋಡೆಗಿದೆ. ಆ ಬೆಳಿಗ್ಗೆ ಗೋಡೆಗೆ ಹಾಕಿದ್ದನ್ನು ಯಾರೂ ಇಳಿಸಿ ಮೀಟಿಲ್ಲ. ನಾನು ಮುಟ್ಟಿ ನೋಡಿದ್ದೇನೆ. ಅದರ ಹಿಂದಿನ ದಿನವಷ್ಟೇ ಬಿಗಿದ ಹಿತ್ತಾಳೆ ತಂತಿ ನಡುವೆ ಕೂದಲಿನಷ್ಟು ತೆಳ್ಳಗೆ ಸವೆದಿದೆ. ತಂತಿ ಕೂತ ಜಿಂಕೆ ಕೊಂಬಿನ ಕುದುರೆಯಲ್ಲಿ ಒಂದು ಗೀರು… ನನ್ನ ಉಗುರು ಪೂರ್ತಿ ಒಳಗೆ ಹೋಯಿತು.