ಪಾಪಕ್ಕ ಕೇಳಿದ ಔಷಧಿ

ನಂಬಿದ್ರೆ ನಂಬಿ, ಬಿಟ್ರೆ ಬಿಡಿ... ನಮ್ಮ ಚಿಕ್ಕಪ್ಪನ ಮಗಳು ಅರ್ಪಿತಂಗೆ ಆಗಿದ್ದು ಇದು. ಹೋದ ಕಾರ್ತೀಕದಲ್ಲಿ.

ಅವಳಿಗೆ ಎದೆ ಕ್ಯಾನ್ಸರ್ ಬಂದಿತ್ತು. ಬೆಂಗಳೂರಲ್ಲಿ ಕೆಂಪು ಬಣ್ಣದ ಕೀಮೋ ಔಷಧಿ ಏರಿಸಿದ್ರು. ಗಂಟು ಕರಗ್ತು. ಆದ್ರೆ ಆ ಔಷಧಿನೇ ಹೃದಯಾನ ಹಾಳುಮಾಡ್ತು. ವಾರ್ಡಲ್ಲಿ ಪಕ್ಕದ ಹಾಸಿಗೆ ಪಾಪಕ್ಕಂದೂ ಅದೇ ಗತಿ. ಜಡಿಗೇನಹಳ್ಳಿ ಕಡೆಯವರು. ಇವಳನ್ನ ಮಗಳ ಥರ ನೋಡ್ಕೊಂಡಿದ್ರು. ಆಷಾಢದಲ್ಲಿ ತೀರ್ಕೊಂಡ್ರು.

ಕಾರ್ತೀಕದಲ್ಲಿ ಒಂದಿನ ಅರ್ಪಿತ, ಅವಳ ಗಂಡ ರವಿಚಂದ್ರ ಡಾಕ್ಟ್ರಿಗೆ ತೋರಿಸ್ಕೊಂಡು, ರಾತ್ರಿ ಕೊನೆ ಬಸ್ಸಲ್ಲಿ ಬಂದು ಊರ ಗೇಟಲ್ಲಿ ಇಳಿದ್ರು. ನಾಲ್ಕು ಹೆಜ್ಜೆ ನಡೆಯೋದ್ರಲ್ಲಿ ಅವಳಿಗೆ ಮೇಲುಸಿರು. ಆಲದ ಮರದ ಕೆಳಗಿನ ಹಳೇ ಬಾವಿ ಕಟ್ಟೆ ಮೇಲೆ ಕೂತ್ಬಿಟ್ಲು.

"ಕೂತಿರು, ಬೈಕ್ ತರ್ತೀನಿ" ಅಂತ ರವಿಚಂದ್ರ ಮನೆ ಕಡೆ ಓಡಿದ.

ಸುತ್ತ ಏನೂ ಸದ್ದಿಲ್ಲ. ಅವಳ ಉಸಿರು ಮಾತ್ರ... ಸುಯ್... ಸುಯ್...

ಆಮೇಲೆ ಇನ್ನೊಂದು. ಒಣಗಿದ ಎಲೆ ಮೇಲೆ ಹವಾಯಿ ಚಪ್ಪಲಿ. ಚರಕ್... ಪಟ್. ಚರಕ್... ಪಟ್. ಒಂದು ಕಾಲು ಎಳೆದು ನಡೆಯೋರದ್ದು. ವಾರ್ಡಲ್ಲಿ ಅವಳು ದಿನಾ ಕೇಳ್ತಿದ್ದ ಸದ್ದು.

ಅದು ಪಕ್ಕಕ್ಕೇ ಬಂದು ಕೂತ್ಕೊಂತು. ಅರ್ಪಿತ ತಿರುಗಿ ನೋಡ್ಲಿಲ್ಲ. ಓಡಕ್ಕೆ ಉಸಿರಿಲ್ಲ. ಕೂಗಕ್ಕೂ ಇಲ್ಲ.

"ಡಾಕ್ಟ್ರು ಏನಂದ್ರಮ್ಮಾ?" ಪಿಸುಮಾತು.

"ಪಾಪಕ್ಕಾ..."

"ಅದೇನೋ ಹಾರ್ಮೋನು, ಅದು ಕೊಟ್ರೆ ಕೀಮೋ ಹೃದಯಕ್ಕೆ ಹೊಡೆಯಲ್ಲ ಅಂತಿದ್ರಲ್ಲ... ಬಂತಾ?"

"ಇಲ್ಲಕ್ಕ. ಇನ್ನೂ ಇಲಿಗಳಿಗೆ ಕೊಟ್ಟು ನೋಡ್ತಾ ಇದ್ದಾರಂತೆ."



"ಬಂದ್ರೆ ನಿಂಗೆ ಆಗುತ್ತಾ?"

"ಅದನ್ನ ಕೀಮೋ ಜೊತೇಲೇ ಕೊಡ್ಬೇಕಂತೆ. ನಂಗೆ ಆಗೋದು ಆಗೋಗಿದೆಯಲ್ಲಕ್ಕ..."

ಒಂದು ತಣ್ಣನೆ ಕೈ ಅವಳ ಬೆನ್ನು ಸವರ್ತು. ಮೇಲಿಂದ ಕೆಳಕ್ಕೆ... ನಿಧಾನಕ್ಕೆ.

ಬೈಕ್ ಲೈಟು ಬಿದ್ದಾಗ ಕಟ್ಟೆ ಮೇಲೆ ಅವಳೊಬ್ಬಳೇ. ಅಳ್ತಾ ಇದ್ಲು.

"ಯಾರ ಹತ್ರ ಮಾತಾಡ್ತಿದ್ದೆ?" ರವಿಚಂದ್ರ ಕೇಳಿದ.

"ಪಾಪಕ್ಕ ಬಂದಿದ್ರು ರೀ. ಹೇಳಕ್ಕೆ ಒಂದು ಒಳ್ಳೇ ಮಾತೂ ಇರ್ಲಿಲ್ಲ ನನ್ನ ಹತ್ರ."

ಅವನು ಅವಳನ್ನ ಬೈಕ್ ಮೇಲೆ ಕೂರಿಸ್ಕೊಂಡು ಮನೆಗೆ ಕರ್ಕೊಂಡು ಬಂದ.

ಆಗೆಲ್ಲ ಅರ್ಪಿತ ಮಲಗಿದ್ರೆ ಉಸಿರು ಕಟ್ತಿತ್ತು. ನಾಲ್ಕು ತಿಂಗಳಿಂದ ಬೆನ್ನಿಗೆ ಮೂರು ದಿಂಬಿಟ್ಕೊಂಡು ಕೂತೇ ನಿದ್ದೆ. ಆ ರಾತ್ರಿ ಒಂದು ದಿಂಬೂ ಇಲ್ದೆ ಚಾಪೆ ಮೇಲೆ ಅಂಗಾತ ಮಲಗಿದ್ಲು, ಬೆಳಗ್ಗೆ ಏಳು ಗಂಟೆವರೆಗೂ. ಅದೊಂದೇ ರಾತ್ರಿ. ಮಾರನೇ ದಿನದಿಂದ ಮತ್ತೆ ಮೂರು ದಿಂಬು.

ಸುಳ್ಳಲ್ಲ ಇದು. ಅವತ್ತು ನಾನು ಅವರ ಮನೇಲೇ ಇದ್ದೆ. ಉಸಿರಾಡ್ತಿದ್ದಾಳಾ ಅಂತ ಮೂಗಿನ ಹತ್ರ ಬೆರಳಿಟ್ಟು ನೋಡಿದವಳು ನಾನೇ.