ಹೊಗೆಗಂಡಿ ಬಿಡಿಸಿದ್ದು ಯಾರು

ಇದನ್ನು ಹಗಲಲ್ಲಿ ಹೇಳಿದರೆ ಜನ ನಗುತ್ತಾರೆ. ಅದಕ್ಕೇ ಹಗಲಲ್ಲಿ ಹೇಳುವುದನ್ನು ಬಿಟ್ಟಿದ್ದೇನೆ. ಈಗ ಹೇಗೂ ಕರೆಂಟ್ ಹೋಗಿದೆ, ಮಕ್ಕಳೂ ಮಲಗಿವೆ… ಸ್ವಲ್ಪ ಹತ್ತಿರ ಬನ್ನಿ, ಗಟ್ಟಿಯಾಗಿ ಹೇಳುವ ಸಂಗತಿ ಅಲ್ಲ.

ಸಿರುಮುಗೈಯಲ್ಲಿ ನಮ್ಮ ದೊಡ್ಡಮ್ಮನ ಮಗ ದೇವರಾಜನ್ ಇದ್ದಾನಲ್ಲ, ರೇಷ್ಮೆ ಸೀರೆ ನೇಯುವವನು, ಅವನಿಗೆ ಆದದ್ದು. ಎಂಬತ್ತಮೂರೋ ಎಂಬತ್ತನಾಲ್ಕೋ, ಅವರ ಬೀದಿಗೆ ಮೊದಲನೇ ಟೀವಿ ಬಂದ ವರ್ಷ. ಮಾರ್ಗಳಿ ತಿಂಗಳು, ಧನುರ್ಮಾಸದ ಚಳಿ. ಅವನ ಹೆಂಡತಿ ಮಲ್ಲಿಗಾ ಹೆತ್ತು ಒಂದು ವಾರವೂ ಕಳೆದಿರಲಿಲ್ಲ. ಅವಳಿಗೆ ತಾಯಿ ಇಲ್ಲ, ಹಾಗಾಗಿ ಬಾಣಂತನ ಗಂಡನ ಮನೆಯಲ್ಲೇ. ಬಾಣಂತಿ ಲೇಹ್ಯ ತರಲು ದೇವರಾಜನ್ ಮೇಟುಪಾಳಯಕ್ಕೆ ಹೋಗಿದ್ದ. ವೈದ್ಯರ ಅಂಗಡಿಯಲ್ಲಿ ಲೇಹ್ಯ ಇನ್ನೂ ಒಲೆಯ ಮೇಲೇ ಇತ್ತಂತೆ. ಕಾದು ಕಾದು ಸಾಕಾಗಿ, ಕಡೇ ಬಸ್ಸು ಹಿಡಿದು ಬಂದ. ಬಸ್ಸು ರಸ್ತೆಯಲ್ಲಿ ಇಳಿಸಿ ಹೊರಟುಹೋಯಿತು. ಅಲ್ಲಿಂದ ಊರಿಗೆ ಕಾಲುದಾರಿ, ದಾರಿಯಲ್ಲಿ ಹುಣಸೆಮರದ ಬಾವಿ.

ನಡೆಯುತ್ತಾ ಅವನಿಗೆ ತನ್ನ ಬಗ್ಗೆ ತನಗೇ ಮೆಚ್ಚುಗೆ. ಯಾಕೆ ಅಂತ ಹೇಳಬೇಕಾದರೆ ಅವರ ಮನೆಯ ವಿಷಯ ಹೇಳಬೇಕು.

ಅವರದು ಒಂದೇ ಮಾಡಿನ ಹಂಚಿನ ಮನೆ. ನಡುವೆ ಗುಳಿ ಮಗ್ಗ. ಮಗ್ಗದ ಪಕ್ಕ ಎದೆಯೆತ್ತರದ ಗೋಡೆ, ಗೋಡೆಯ ಆಚೆ ಬಾಣಂತಿ ಕೋಣೆ. ಮಗ್ಗದ ನೆತ್ತಿಗೆ ಸರಿಯಾಗಿ, ಮಾಡಿನಲ್ಲಿ ಒಂದು ಹೊಗೆಗಂಡಿ. ಒಲೆಯ ಹೊಗೆ, ಮನೆಯ ಕಾವು, ಜನರ ಉಸಿರು, ಎಲ್ಲಾ ಅದರಲ್ಲೇ ಮೇಲೆ ಹೋಗಬೇಕು. ಅದನ್ನು ನೋಡಿಕೊಳ್ಳುತ್ತಿದ್ದವಳು ದೇವರಾಜನ್‌ನ ಸೋದರತ್ತೆ, ಬೆಳ್ಳಿಯಮ್ಮ. ಗಂಡ ಸತ್ತ ಮೇಲೆ ಅಣ್ಣನ ಮನೆಗೆ ಬಂದು ಅಲ್ಲೇ ಮುದುಕಿಯಾದವಳು. ಪ್ರತಿ ವರ್ಷ ಮಾರ್ಗಳಿಗೆ ಮೊದಲು ಸೀರೆ ಎತ್ತಿ ಕಟ್ಟಿ, ಏಣಿ ಹತ್ತಿ, ಗಂಡಿಯಲ್ಲಿ ಕಟ್ಟಿದ ಮಸಿಯನ್ನೂ ಗುಬ್ಬಿಗೂಡಿನ ಕಸವನ್ನೂ ಗುಡಿಸಿ ಕೆಳಗೆ ಹಾಕುತ್ತಿದ್ದಳು. ನಾನು ಹತ್ತುತ್ತೇನೆ ಅಂತ ಯಾರಾದರೂ ಅಂದರೆ ಜಗಳಕ್ಕೇ ಬರುತ್ತಿದ್ದಳು. ಬೀದಿಯವರೆಲ್ಲ ಅವಳನ್ನು ಮಸಿ ಅತ್ತೆ ಅಂತಲೇ ಕರೆದು ಆಡಿಕೊಳ್ಳುತ್ತಿದ್ದರು. ನಾವೂ ಆಡಿಕೊಂಡಿದ್ದೇವೆ, ಸುಳ್ಳು ಯಾಕೆ ಹೇಳಲಿ.

ಆ ವರ್ಷ ಆಡಿ ತಿಂಗಳಲ್ಲಿ, ಆಷಾಢದ ಗಾಳಿಯಲ್ಲಿ ಕೆಮ್ಮಿ ಕೆಮ್ಮಿ ಅತ್ತೆ ತೀರಿಕೊಂಡಳು. ಮಾರ್ಗಳಿ ಬಂತು. ಏಣಿ ಹತ್ತಲು ಯಾರಿಗೂ ಮನಸ್ಸಿಲ್ಲ.

ದೇವರಾಜನ್ ಮಗ್ಗದ ಮೇಲೆ ಮುಹೂರ್ತದ ಸೀರೆ ಇತ್ತು, ಕೆನೆಬಣ್ಣದ್ದು. ಗಂಡಿಯಿಂದ ಮಸಿ ಉದುರಿ ಹಾಸಿನ ಎಳೆಗಳ ಮೇಲೆ ಬೀಳತೊಡಗಿತು. ರೇಷ್ಮೆಗೆ ಬಿದ್ದ ಮಸಿಯನ್ನು ಒರೆಸಿದರೆ ಇನ್ನೂ ಹರಡುತ್ತದೆ. ಸಾಲದ್ದಕ್ಕೆ ಗಂಡಿಯಿಂದ ಇಳಿಯುವ ಒಣಗಾಳಿಗೆ ಎಳೆ ಪಟ್ ಪಟ್ ಅಂತ ಹರಿಯುತ್ತಿತ್ತು. ಗುಡಿಸಿ ಶುಚಿ ಮಾಡುವುದು ಅರ್ಧ ದಿನದ ಕೆಲಸ. ಇವನು ಏನು ಮಾಡಿದ ಗೊತ್ತೇ? ಅದೇ ದಿನ ಮಧ್ಯಾಹ್ನ ಮಾಡು ಹತ್ತಿ, ಹಳೇ ಬಟ್ಟೆ ತುಂಬಿದ ಗೋಣಿಚೀಲ ಒಂದನ್ನು ಗಂಡಿಗೆ ತುರುಕಿ, ಕಾಲಲ್ಲಿ ಒತ್ತಿ ಒತ್ತಿ ಬಿಗಿ ಮಾಡಿ ಇಳಿದ. ಕಿಟಕಿಗಳಿಗೆ ಮೊದಲೇ ಒದ್ದೆ ಗೋಣಿ ಕಟ್ಟಿದ್ದ. ಮಸಿಯೂ ಇಲ್ಲ, ಗಾಳಿಯೂ ಇಲ್ಲ. ನೇಕಾರರ ಬುದ್ಧಿ ಹಾಗೆ, ಮೊದಲು ಎಳೆ, ಆಮೇಲೆ ಮನುಷ್ಯರು.

ಕೆಳಗೆ ನಿಂತು ನೋಡುತ್ತಿದ್ದ ಅವನ ತಾಯಿ, ಎಂದರೆ ನಮ್ಮ ದೊಡ್ಡಮ್ಮ ಸೆಲ್ಲಮ್ಮ, ಒಂದೇ ಮಾತು ಅಂದಿದ್ದಳು. "ಅವಳು ಇದ್ದಿದ್ರೆ ಇದಕ್ಕೆ ಬಿಡ್ತಿರ್ಲಿಲ್ಲಪ್ಪಾ."

ಇವನು ನಕ್ಕು, ಲೇಹ್ಯ ತರಲು ಬಸ್ಸಿಗೆ ಹೊರಟಿದ್ದ.

ಕೋಣೆಯಲ್ಲಿ ಬಾಣಂತಿಯ ಮಂಚದ ಕೆಳಗೆ ಕೆಂಡದ ಬಾಣಲೆ ಇಡುವುದು ನಮ್ಮವರ ಪದ್ಧತಿ. ಕೆಂಡ ಕೆಂಪಗಾಗಿ ಹೊಗೆ ನಿಂತ ಮೇಲೆ ಒಳಗೆ ತಂದರೆ ಏನೂ ಆಗುವುದಿಲ್ಲ ಅಂತ ಎಲ್ಲರೂ ನಂಬಿದ್ದೆವು. ಕಣ್ಣಿಗೆ ಕಾಣುವ ಹೊಗೆ ಒಂದೇ ನಮಗೆ ಹೊಗೆ.

ಸರಿ, ಬಾವಿ ಹತ್ತಿರ ಬಂದ. ಬೆಳದಿಂಗಳು ಇರಲಿಲ್ಲ. ಮೊದಲು ಸದ್ದು ಕೇಳಿಸಿತು. ರಾಟೆಯದು. ಕಿರ್ರ್… ಕಿರ್ರ್… ಆಮೇಲೆ ಕೊಡ ನೀರು ಮುಟ್ಟಿದ್ದು, ಗುಳುಕ್. ಈ ಹೊತ್ತಿನಲ್ಲಿ ನೀರು ಸೇದುವವರು ಯಾರು ಅಂತ ನಿಂತ. ಬಾವಿಕಟ್ಟೆಯ ಬುಡದಲ್ಲಿ ಒಂದು ಹೆಂಗಸು ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತಿತ್ತು. ಕೈ ತೊಳೆಯುತ್ತಿತ್ತು. ತೆಂಗಿನ ನಾರು ಹಾಕಿ ಉಜ್ಜುವ ಸದ್ದು… ಸರಕ್, ಸರಕ್… ನೀರು ಸುರಿದುಕೊಳ್ಳುವುದು, ಮತ್ತೆ ಉಜ್ಜುವುದು.

ಊರ ಹೆಂಗಸೇ ಇರಬೇಕು ಅಂತ ಕೇಳಿದ. "ಯಾರಮ್ಮಾ ಅದು?"

"ಮಸಿ… ಹೋಗ್ತಾನೇ ಇಲ್ಲ."

ಪಿಸುದನಿ. ತಿರುಗಲಿಲ್ಲ.

"ಈ ಹೊತ್ತಲ್ಲಿ ಒಬ್ರೇ ಏನ್ ಮಾಡ್ತೀರಿ?"

ಉಜ್ಜುವುದು ನಿಂತಿತು. ಒಂದು ಒಣ ಕೆಮ್ಮು… ಆಮೇಲೆ ಅದೇ ದನಿ. "ರೊಂಬ ಬಿಗಿಯಾಗಿ ತುರ್ಕಿದೀಯ ರಾಜು. ಮೇಲಿಂದ ಎಳ್ದೆ, ಎಳ್ದೆ… ನನ್ ಕೈಲಿ ಆಗ್ಲಿಲ್ಲ. ಸೀಕ್ರ ಹೋಗು."

ಅವನನ್ನು ರಾಜು ಅನ್ನುತ್ತಿದ್ದವರು ಇಡೀ ಭೂಮಿಯ ಮೇಲೆ ಒಬ್ಬರೇ. ಆಡಿ ತಿಂಗಳಲ್ಲಿ ಅವನೇ ಅವಳಿಗೆ ಹೆಗಲು ಕೊಟ್ಟಿದ್ದ.

ಲೇಹ್ಯದ ಡಬ್ಬಿ ಎಲ್ಲಿ ಬಿತ್ತೋ ಗೊತ್ತಿಲ್ಲ, ಚಪ್ಪಲಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಹೊಲದ ಬದು ಹಾರಿ ಓಡಿದ. ಹಿಂದಿನಿಂದ ಯಾರೂ ಬರಲಿಲ್ಲ. ರಾಟೆಯ ಸದ್ದು ಮಾತ್ರ ಬಹಳ ದೂರ ಬಂತು… ಕಿರ್ರ್… ಕಿರ್ರ್… ಆಮೇಲೆ ಅದೂ ನಿಂತಿತು. ಅವನಿಗೆ ಆಗ ದೆವ್ವದ ಭಯ ಇರಲಿಲ್ಲ ಅಂತ ಹೇಳುತ್ತಾನೆ. ಮಂಚದ ಕೆಳಗಿನ ಬಾಣಲೆ ಒಂದೇ ಕಣ್ಣ ಮುಂದೆ ಇತ್ತಂತೆ.

ಮನೆ ಬಾಗಿಲು ಒಳಗಿಂದ ಚಿಲಕ. ದಬ ದಬ ಬಡಿದ. ಅಮ್ಮಾ ಅಂದ, ಮಲ್ಲಿಗಾ ಅಂದ. ಉತ್ತರ ಇಲ್ಲ. ಬಾಗಿಲಿಗೆ ಕಿವಿ ಇಟ್ಟ. ಎಳೇ ಮಗು ಇರುವ ಮನೆಯಲ್ಲಿ ರಾತ್ರಿ ಏನಾದರೂ ಒಂದು ಸದ್ದು ಇದ್ದೇ ಇರುತ್ತದೆ, ತೊಟ್ಟಿಲ ಹಗ್ಗವೋ, ಅಜ್ಜಿಯ ಗೊಣಗಾಟವೋ. ಆ ಮನೆಯಲ್ಲಿ ಏನೂ ಇರಲಿಲ್ಲ. ಮೂರು ಜೀವ ಒಳಗೆ, ಒಂದರ ಉಸಿರೂ ಕೇಳುವುದಿಲ್ಲ. ಗಂಡಿ ಮುಚ್ಚಿದ್ದು ನಾನೇ, ನಾನೇ ಕೊಂದೆ ಅಂತ ಅವನು ಹಣೆ ಚಚ್ಚಿಕೊಂಡ. ಬಡಿತ ಕೇಳಿ ಪಕ್ಕದ ಮನೆಯ ಕುಪ್ಪಸಾಮಿ ಹಾರೆ ಹಿಡಿದು ಓಡಿ ಬಂದ. ಅವನೂ ಮಗ್ಗದವನೇ, ಗಟ್ಟಿ ಆಳು. ಇಬ್ಬರೂ ಸೇರಿ ಹಾರೆಯನ್ನು ಬಾಗಿಲ ಸಂದಿಗೆ ಕೊಟ್ಟರು.

ಆಗ ಒಳಗೆ ಸದ್ದಾಯಿತು.

ಇಬ್ಬರೂ ಕೇಳಿದ್ದಾರೆ, ದೇವರಾಜನ್ ಒಬ್ಬನೇ ಅಲ್ಲ. ಮೊದಲು ಗೋಣಿ ಹಂಚಿಗೆ ತೀಡುವ ಸದ್ದು. ಪರ್… ಪರ್ರ್… ಯಾರೋ ನಿಂತು ನಿಂತು, ದಮ್ಮು ಕಟ್ಟಿ ಎಳೆದಂತೆ. ಆಮೇಲೆ ಮೆತ್ತಗಿನದು ಏನೋ ಮೇಲಿಂದ ಬಿತ್ತು. ಪೊತ್. ಮಗ್ಗದ ಎಳೆಗಳು ಒಟ್ಟಿಗೆ ಹರಿದವು, ಅದು ನೇಕಾರನ ಕಿವಿಗೆ ತಪ್ಪುವ ಸದ್ದಲ್ಲ.

ಕುಪ್ಪಸಾಮಿ ಹಾರೆ ಬಿಟ್ಟು ಹಿಂದೆ ಸರಿದ. "ಒಳಗೆ ಯಾರೋ ಓಡಾಡ್ತಾರೆ…"

"ಯಾರಾದ್ರೂ ಇರ್ಲಿ. ಮೀಟು," ಅಂದ ದೇವರಾಜನ್.

ಮಗು ಅತ್ತಿತು. ಗಟ್ಟಿಯಾಗಿ ಅಲ್ಲ, ಬೆಕ್ಕಿನ ಮರಿಯ ಹಾಗೆ. ಆದರೂ ಅತ್ತಿತು. ಆ ದನಿ ಕೇಳಿದ್ದೇ ಇಬ್ಬರಿಗೂ ಎಲ್ಲಿಂದ ಬಲ ಬಂತೋ, ಚಿಲಕ ಕಿತ್ತು ಬಾಗಿಲು ಒಳಗೆ ಬಿತ್ತು.

ಒಳಗೆಲ್ಲ ಮಸಿ. ಗಾಳಿಯಲ್ಲಿ ಮಸಿ, ನೆಲದ ಮೇಲೆ ಮಸಿ. ಗಂಡಿ ಬಾಯಿ ಬಿಟ್ಟಿತ್ತು, ಅದರಲ್ಲಿ ನಕ್ಷತ್ರ ಕಾಣುತ್ತಿತ್ತು, ತಣ್ಣನೆ ಗಾಳಿ ನೇರ ಕೆಳಗೆ ಇಳಿಯುತ್ತಿತ್ತು. ಗೋಣಿಚೀಲ ಮಗ್ಗದ ಮೇಲೆ ಬಿದ್ದು ಮುಹೂರ್ತದ ಸೀರೆ ಮುಗಿದ ಕತೆಯಾಗಿತ್ತು. ಅವನು ಅತ್ತ ತಿರುಗಿಯೂ ನೋಡಲಿಲ್ಲ. ಮಗುವನ್ನು ಎತ್ತಿ ಕುಪ್ಪಸಾಮಿಯ ಕೈಗೆ ಕೊಟ್ಟ. ಮಲ್ಲಿಗಾಳನ್ನು ಕಂಕುಳಿಗೆ ಕೈ ಹಾಕಿ ಜಗುಲಿಗೆ ಎಳೆದ, ತಾಯಿಯನ್ನು ಚಾಪೆ ಸಮೇತ ಎಳೆದ. ಇಬ್ಬರ ತಲೆಯೂ ಜೋತು ಬಿದ್ದಿತ್ತು. ನೀರು ಚಿಮುಕಿಸಿ, ಬೀಸಣಿಗೆ ಹಾಕಿ, ಕೆನ್ನೆ ತಟ್ಟಿ, ಹೆಸರು ಹಿಡಿದು ಕರೆದು ಕರೆದು… ಬಹಳ ಹೊತ್ತಿನ ಮೇಲೆ ಮಲ್ಲಿಗಾ ವಾಂತಿ ಮಾಡಿದಳು. ಕಣ್ಣು ಬಿಟ್ಟಳು. ಪಾಪು ಎಲ್ಲಿ ಅಂತ ಕೇಳಿದಳು. ಆಗ ದೇವರಾಜನ್ ಬೀದಿಯಲ್ಲಿ ಕೂತು ಅತ್ತನಂತೆ, ಗಂಡಸು ಅನ್ನುವುದನ್ನೂ ಮರೆತು. ದೊಡ್ಡಮ್ಮನಿಗೆ ಎಚ್ಚರ ಬರುವಾಗ ಬೆಳಗಾಗಿತ್ತು.

ಡಾಕ್ಟರ್ ಬಂದು ಬೈದದ್ದೇ ಬೈದದ್ದು. ಮುಚ್ಚಿದ ಮನೆಯಲ್ಲಿ ಕೆಂಡ ಇಟ್ಟರೆ ಅದರಿಂದ ಬರುವ ವಿಷಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ನಿದ್ದೆಯಲ್ಲೇ ಮುಗಿಸುತ್ತದೆ ಅಂದರು. ಇನ್ನು ಸ್ವಲ್ಪ ಹೊತ್ತು ಹೋಗಿದ್ದರೆ ಮೊದಲು ಮಗು ಹೋಗುತ್ತಿತ್ತು ಅಂದರು. ಗಂಡಿ ತೆಗೆದವರು ಯಾರು ಅಂತ ಅವರೇ ಕೇಳಿದರು.

ಸುದ್ದಿ ತಿಳಿದು ನಾನು ಅವಿನಾಶಿಯಿಂದ ಮಧ್ಯಾಹ್ನಕ್ಕೆ ಹೋದೆ. ಮನೆ ಗುಡಿಸಿರಲಿಲ್ಲ. ಗುಡಿಸಲು ದೊಡ್ಡಮ್ಮ ಬಿಟ್ಟಿರಲಿಲ್ಲ. ಗೋಡೆಗೆ ಒರಗಿ ಕೂತು, ನೆಲವನ್ನೇ ನೋಡುತ್ತಿದ್ದಳು. ಕಡೆಗೆ ಮೆಲ್ಲಗೆ ಹೇಳಿದಳು. ಬೆಳ್ಳಿಯಮ್ಮನಿಗೆ ಒಬ್ಬ ಮಗ ಇದ್ದನಂತೆ. ಆಗಷ್ಟೇ ನಡೆಯಲು ಕಲಿತಿದ್ದವನು. ಒಂದು ಮಾರ್ಗಳಿಯಲ್ಲಿ ಚಳಿ ಅಂತ ಇದೇ ಕೋಣೆಯಲ್ಲಿ ಕೆಂಡದ ಪಕ್ಕ ಮಲಗಿಸಿದ್ದರು. ಗಂಡಿ ಕಸ ಕಟ್ಟಿತ್ತು. ಬೆಳಿಗ್ಗೆ ಮಗು ಏಳಲಿಲ್ಲ. ಏನೋ ಸೋಕಿತು ಅಂತ ಊರವರೆಲ್ಲ ಹೇಳಿದರು, ಇವಳು ಮಾತ್ರ ಯಾರಿಗೂ ಏನೂ ಹೇಳದೆ ಹೋಗಿ ಏಣಿ ತಂದಳು. ಅವಳು ಏಣಿ ಹತ್ತಿದ್ದು ಅದೇ ಮೊದಲು.

ನಾವು ಆಡಿಕೊಂಡ ಮಸಿ ಅತ್ತೆ.

ಆಮೇಲೆ ದೊಡ್ಡಮ್ಮ ಕೈ ತೋರಿಸಿದಳು. "ಅಲ್ಲಿ ನೋಡು."

ನೆಲದ ಮಸಿಯಲ್ಲಿ ಗಂಡಸರ ಹೆಜ್ಜೆಗಳು ಬಾಗಿಲ ಕಡೆಯಿಂದ ಬಂದು ಹೋಗಿದ್ದವು, ಅವು ದೇವರಾಜನ್‌ದು, ಕುಪ್ಪಸಾಮಿಯದು. ಬೇರೆ ಒಂದು ಸಾಲು ಮಗ್ಗದ ಹತ್ತಿರ, ಗಂಡಿಯ ನೇರ ಕೆಳಗೆ ಶುರುವಾಗಿತ್ತು. ಬರಿಗಾಲು. ಎಳೇ ಕಾಲು, ನನ್ನ ಅಂಗೈಗಿಂತ ಸ್ವಲ್ಪವೇ ಉದ್ದ, ಕೈ ಇಟ್ಟು ನೋಡಿದ್ದೇನೆ. ಆ ಬೀದಿಯಲ್ಲಿ ಆಗ ನಡೆಯುವ ವಯಸ್ಸಿನ ಅಷ್ಟು ಚಿಕ್ಕ ಮಗು ಯಾವ ಮನೆಯಲ್ಲೂ ಇರಲಿಲ್ಲ. ಹೆಜ್ಜೆ ಅಲ್ಲಲ್ಲಿ ತಡವರಿಸಿತ್ತು, ಒಂದು ಕಡೆ ಕೂತು ಎದ್ದ ಗುರುತೂ ಇತ್ತು. ಗೋಡೆಯ ಬದಿ ಹಿಡಿದು ಕೋಣೆಗೆ ಹೋಗಿತ್ತು. ತೊಟ್ಟಿಲ ತನಕ ಹೋಗಿತ್ತು.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಕಣ್ಣಾರೆ ಕಂಡದ್ದನ್ನು ಕಂಡಿಲ್ಲ ಅಂತ ನಾನು ಹೇಳಲಾರೆ. ಹೋದ ಹೆಜ್ಜೆಗಳನ್ನು ಒಂದೊಂದಾಗಿ ನೋಡಿದೆ. ವಾಪಸ್ ಬಂದ ಹೆಜ್ಜೆ ಒಂದೂ ಇರಲಿಲ್ಲ.